ಮನೆಸಾಲ ಬದಲಿಸೋದಾ, ಕಂತು ಇಳಿಸೋದಾ? ಮನೆಯಲ್ಲಿ ಪುಟ್ಟ ಮಗು ಇದ್ದಾಗ ಮಾಡಬೇಕಾದ ಲೆಕ್ಕ

ಮನೆಸಾಲವನ್ನು ಬೇರೆ ಬ್ಯಾಂಕಿಗೆ ಬದಲಿಸುವ ಅರ್ಜಿಯಲ್ಲಿ 'ಅವಲಂಬಿತರು ಎಷ್ಟು ಜನ' ಅಂತ ಒಂದು ಚಿಕ್ಕ ಚೌಕ ಇರುತ್ತದೆ. ನನ್ನ ತಂಗಿ ಅದರಲ್ಲಿ 1 ಎಂದು ಬರೆದಳು. ಆ ಒಂದು ಅಂದರೆ ಅವಳ ಒಂದೂವರೆ ವರ್ಷದ ಮಗ. ಆ ಹೊತ್ತಿಗೆ ಅವನು ಅವಳ ಸೊಂಟದ ಮೇಲೆ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. ಅವನನ್ನು ನೋಡಿಕೊಳ್ಳಲು ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ಅರ್ಜಿಯಲ್ಲಿ ಎಲ್ಲೂ ಕೇಳಿರಲಿಲ್ಲ.

ನಮ್ಮಲ್ಲಿ ಬ್ಯಾಂಕಿನವರು ಸಾಮಾನ್ಯವಾಗಿ ನೋಡುವುದು ಎರಡು. ಕೈಗೆ ಬರುವ ಸಂಬಳ ಎಷ್ಟು, ಅದರಲ್ಲಿ ಈಗಾಗಲೇ ಕಂತುಗಳಿಗೆ ಹೋಗುವುದು ಎಷ್ಟು. ಎಲ್ಲ ಕಂತು ಸೇರಿ ಸಂಬಳದ 40ರಿಂದ 60 ಪರ್ಸೆಂಟ್ ಒಳಗಿದ್ದರೆ ಸಾಲ ಪಾಸ್. ಡೇ ಕೇರ್ ಫೀಸು ಕಂತಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಓಣಿಯಲ್ಲಿ ಹಾಕಿದ ಚೀಟಿಯೂ ಅಷ್ಟೇ. ಇಂಗ್ಲೆಂಡಿನಲ್ಲಿ ಮನೆಸಾಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸುವಾಗ ಸಾಮಾನ್ಯವಾಗಿ ಮಗುವಿನ ನರ್ಸರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ಅದನ್ನೂ ಕಳೆದ ಮೇಲೆಯೇ ಎಷ್ಟು ಸಾಲ ತಡೆದುಕೊಳ್ಳಬಹುದು ಎಂದು ನೋಡುತ್ತಾರೆ. ಇಲ್ಲಿ ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಬ್ಯಾಂಕು 'ಆಗುತ್ತೆ' ಅಂದರೆ ಮನೆಗೂ ಆಗುತ್ತೆ ಅಂತ ಅರ್ಥವಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾವು 2020ರಲ್ಲಿ 180 ತಿಂಗಳ ಸಾಲ ತಗೊಂಡೆವು. ನನ್ನ ಮಗಳು ಆಗ ಇನ್ನೂ ಮಡಿಲಲ್ಲಿದ್ದಳು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿ ಒಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 4ರಿಂದ 6.50ಕ್ಕೆ ಏರಿತು. ನಮ್ಮ ಕಂತು ಮಾತ್ರ ಒಂದು ರೂಪಾಯಿಯೂ ಏರಲಿಲ್ಲ. ಸದ್ಯ ಬಚಾವಾದೆವು ಅಂದುಕೊಂಡೆ. ಮೂರು ವರ್ಷ ಕಟ್ಟಿದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಬಾಕಿ 187 ತಿಂಗಳು! ಸಾಲ ತಗೊಂಡ ದಿನಕ್ಕಿಂತ ಜಾಸ್ತಿ. ನಮ್ಮನ್ನು ಒಂದು ಮಾತೂ ಕೇಳದೆ ಅವಧಿ ಎಳೆದಿದ್ದರು. ಮಗುವಿನ ಗಲಾಟೆಯಲ್ಲಿ ನಾನು ಸ್ಟೇಟ್‌ಮೆಂಟ್ ತೆರೆದೇ ನೋಡಿರಲಿಲ್ಲ. ತಂಗಿಗೆ ಹಾಗಾಗಬಾರದು ಅಂತ ಅವಳ ಜೊತೆ ನೋಟ್‌ಬುಕ್ ಹಿಡಿದು ಕೂತೆ.

ಮೊದಲು ಮನೆಯ ಲೆಕ್ಕ

ತಂಗಿಯ ಗಂಡ ತೋರಣಗಲ್ಲಿನ ಕಡೆ ಕಾರ್ಖಾನೆ ಕೆಲಸ, ಶಿಫ್ಟ್ ಡ್ಯೂಟಿ. ಕೈಗೆ 42,000. ತಂಗಿ ಬಳ್ಳಾರಿಯಲ್ಲೇ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದಾಳೆ, 22,000. ಸೇರಿ 64,000. ಮನೆಸಾಲ ಬಾಕಿ 25 ಲಕ್ಷ, ಇನ್ನೂ 15 ವರ್ಷ, ಬಡ್ಡಿ 9.25. ಕಂತು 25,730. ಬೈಕ್ ಕಂತು 3,200. ಎರಡೂ ಸೇರಿ 28,930. ಬ್ಯಾಂಕು ಸಂಬಳದ ಅರ್ಧ ಅಂತ ಹಿಡಿದರೂ ಮಿತಿ 32,000. ಅವರ ಕಣ್ಣಿಗೆ ಈ ಮನೆ ಆರಾಮಾಗಿದೆ.

ಈಗ ಮಗುವಿನ ಲೆಕ್ಕ ಹಾಕೋಣ. 'ಡೇ ಕೇರ್‌ಗೆ 5,500 ಅಕ್ಕ, ಅಷ್ಟೇ' ಅಂದಳು ತಂಗಿ. ಅಷ್ಟೇ ಅಲ್ಲ. ಹೋಗಿ ಬರುವ ಆಟೋ 1,800. ಡೈಪರ್, ಡಬ್ಬಿಗೆ ಹಾಕುವ ಬಿಸ್ಕತ್ತು, ಬಾಳೆಹಣ್ಣು 1,200. ಇನ್ನೊಂದು ಯಾರೂ ಬರೆದುಕೊಳ್ಳದ ಖರ್ಚಿದೆ. ಶಿಫ್ಟ್ ಬಸ್ಸು ತಡವಾಗಿ ಸಂಜೆ ಆರರ ಮೇಲೆ ಮಗುವನ್ನು ಕರೆದುಕೊಂಡು ಬಂದರೆ ಜಾಸ್ತಿ ಹಣ ಕೇಳುತ್ತಾರೆ. ಮಗುವಿಗೆ ಜ್ವರ ಬಂದ ದಿನ ಡೇ ಕೇರ್‌ನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಆ ದಿನ ತಂಗಿ ರಜೆ, ಸಂಬಳದಲ್ಲಿ 730 ರೂಪಾಯಿ ಖೋತಾ. ಆರು ತಿಂಗಳ ಹಿಂದಿನಿಂದ ಲೆಕ್ಕ ಹಾಕಿದರೆ ಇವೆರಡೂ ಸೇರಿ ತಿಂಗಳಿಗೆ ಸರಾಸರಿ 1,000 ಬಂತು. ಒಟ್ಟು 9,500. ಅವಳು ಅಂದುಕೊಂಡದ್ದಕ್ಕಿಂತ 4,000 ಜಾಸ್ತಿ.

ಉಳಿದದ್ದು ಎಲ್ಲರ ಮನೆಯದೇ. ದಿನಸಿ, ತರಕಾರಿ, ಹಾಲು 11,500. ಪೆಟ್ರೋಲ್ 3,000. ಕರೆಂಟು, ಸಿಲಿಂಡರ್, ಫೋನು 2,500. ವಿಮೆ 2,500. ಊರಲ್ಲಿರುವ ಅತ್ತೆಗೆ 3,000. ಡಾಕ್ಟರು, ಔಷಧಿ 1,500. ಕರೆಂಟಿನ ವಿಷಯದಲ್ಲಿ ಒಂದು ಮಾತು: ಗೃಹಜ್ಯೋತಿ ಇದೆ ಅಂತ ಸೊನ್ನೆ ಹಾಕಬೇಡಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಲ್ಲಿ ಕೂಸನ್ನಿಟ್ಟುಕೊಂಡು ಕೂಲರ್ ಆರಿಸುವುದು ಆಗದ ಮಾತು. ರಾಯಚೂರಿನವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಎಲ್ಲ ಕಳೆದು ಉಳಿದದ್ದು 1,570 ರೂಪಾಯಿ. ಬ್ಯಾಂಕಿನ ಪ್ರಕಾರ ಇನ್ನೂ 3,000 ರೂಪಾಯಿ ಕಂತು ತಡೆಯುವ ಮನೆ ಇದು. ಒಂದು ಮದುವೆ ಉಡುಗೊರೆ, ಒಂದು ಟೈರ್ ಪಂಕ್ಚರ್ ಬಂದರೆ ತಿಂಗಳ ಕೊನೆಗೆ ಸಾಲ.

ಮಗುವನ್ನು ಯಾರು ನೋಡಿಕೊಳ್ಳುವುದು?

ಸಾಲದ ಆಯ್ಕೆಗಿಂತ ಮುಂಚೆ ಇದು ತೀರ್ಮಾನವಾಗಬೇಕು. ಏಕೆಂದರೆ ಇದರ ಮೇಲೆ ಆದಾಯವೇ ನಿಂತಿದೆ.

ಎಲ್ಲರೂ ಮೊದಲು ಹೇಳುವ ಮಾತು, 'ಡೇ ಕೇರ್‌ಗೇ ಅಷ್ಟು ಕೊಟ್ಟ ಮೇಲೆ ಕೆಲಸಕ್ಕೆ ಹೋಗಿ ಏನು ಉಳಿತು? ಬಿಟ್ಟುಬಿಡು.' ಕೇಳಲು ಸರಿ ಅನಿಸುತ್ತೆ ಅಲ್ವಾ? ಲೆಕ್ಕ ಬೇರೆ ಹೇಳುತ್ತದೆ. ತಂಗಿ ಕೆಲಸ ಬಿಟ್ಟರೆ ಹೋಗುವುದು 22,000. ಉಳಿಯುವುದು 8,300, ಯಾಕಂದರೆ ಡೈಪರ್ ಖರ್ಚು ಎಲ್ಲೂ ಹೋಗುವುದಿಲ್ಲ. ಮನೆ ತಿಂಗಳಿಗೆ 12,130 ರೂಪಾಯಿ ಕೊರತೆಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. 42,000ದ ಅರ್ಧ 21,000. ಈಗಿನ ಕಂತುಗಳೇ 28,930. ಬೇರೆ ಬ್ಯಾಂಕಿಗೆ ಸಾಲ ಬದಲಿಸುವ ದಾರಿಯೇ ಮುಚ್ಚಿಹೋಗುತ್ತದೆ. ಮತ್ತೆ ಎರಡು ವರ್ಷ ಬಿಟ್ಟು ಕೆಲಸಕ್ಕೆ ಹೋದರೆ ಅದೇ ಸಂಬಳ ಸಿಗುತ್ತೆ ಅಂತಲೂ ಇಲ್ಲ. ಹಾಗಂತ ಮಗುವಿನ ಜೊತೆ ಇರಬೇಕು ಅನ್ನುವ ಆಸೆ ತಪ್ಪಲ್ಲ. ಆಸೆ ಗಟ್ಟಿಯಾಗಿದ್ದರೆ ಬ್ಯಾಂಕಿಗೆ ಆ ಸಂಬಳ ತೋರಿಸಬೇಡಿ, ಒಂದೇ ಸಂಬಳದಲ್ಲಿ ನಿಭಾಯಿಸುವ ಕಂತಿಗೆ ಮಾತ್ರ ಸಹಿ ಹಾಕಿ. ತೋರಿಸಿ ಸಾಲ ಪಡೆದು ಮುಂದಿನ ತಿಂಗಳು ರಾಜೀನಾಮೆ ಕೊಟ್ಟರೆ ಕಷ್ಟ ಬ್ಯಾಂಕಿಗಲ್ಲ, ನಿಮಗೆ.

ಎರಡನೆಯದು ಅಜ್ಜಿ. ತಂಗಿಯ ಅತ್ತೆ ಸಿರುಗುಪ್ಪ ಕಡೆ ಹಳ್ಳಿಯಲ್ಲಿದ್ದಾರೆ. ಬರುತ್ತೇನೆ ಅಂದರು, ಪ್ರೀತಿಯಿಂದಲೇ. ಆದರೆ ಅಲ್ಲಿ ಎಮ್ಮೆ ಇದೆ, ಭತ್ತದ ಗದ್ದೆ ಇದೆ, ಅವರಿಗೆ ಮೊಣಕಾಲು ನೋವಿದೆ. ಓಡಾಡುವ ಮಗುವಿನ ಹಿಂದೆ ದಿನಕ್ಕೆ ಹತ್ತು ತಾಸು ಓಡುವುದು ಅರವತ್ತೈದರ ಮೈಗೆ ಸುಲಭವಲ್ಲ. ಅಜ್ಜಿ ಇದ್ದಾರೆ ಅಂತ ಹದಿನೈದು ವರ್ಷದ ಕಂತು ಏರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಾವು ಹೀಗೆ ಮಾಡಿದೆವು: ಅತ್ತೆ ಬೇಸಿಗೆಯ ನಾಲ್ಕು ತಿಂಗಳು ಬರುವುದು, ಆಗ ಉಳಿಯುವ 8,300ನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುವುದು. ನಾಲ್ಕು ತಿಂಗಳಿಗೆ 33,200. ಒಂದು ತಿಂಗಳ ಸಂಬಳ ತಪ್ಪಿದರೂ ಕಂತು ಬೌನ್ಸ್ ಆಗುವುದಿಲ್ಲ.

ಮನೆಗೇ ಬರುವ ಆಯಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ನಮ್ಮ ಆಯಾ ಬಾರದ ದಿನಗಳಿಗೆ ಹಾಕಿದ ಕೆಂಪು ಗುಂಡುಗಳೇ ತಿಂಗಳಿಗೆ ಐದಾರು ಇರುತ್ತಿದ್ದವು, ಅವಳಿಗೂ ಮನೆ ಮಕ್ಕಳು ಇದ್ದಾರೆ. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿ ಇದೆ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಯ 'ಕೂಸಿನ ಮನೆ' ಇದೆ. ನಿಮ್ಮೂರಲ್ಲಿ ನಡೆಯುತ್ತಿದ್ದರೆ ಹೋಗಿ ನೋಡಿ ಬನ್ನಿ. ರಾಜ್ಯ ಸರ್ಕಾರಿ ಕೆಲಸದಲ್ಲಿರುವ ತಾಯಂದಿರಿಗೆ ಮಕ್ಕಳ ಆರೈಕೆ ರಜೆ 180 ದಿನ ಇದೆ. ಆಗ ಸಂಬಳ ನಡೆಯುತ್ತಲೇ ಇರುವುದರಿಂದ ಸಾಲದ ಅರ್ಜಿಗೂ ತೊಂದರೆಯಾಗದು.

ಬ್ಯಾಂಕು ಯಾವ ದುಡ್ಡನ್ನು ಆದಾಯ ಅನ್ನುತ್ತದೆ?

ನಮ್ಮ ಕಡೆ ಎಷ್ಟೋ ನರ್ಸಿಂಗ್ ಹೋಂ, ಅಂಗಡಿ, ಖಾಸಗಿ ಶಾಲೆಗಳಲ್ಲಿ ಸಂಬಳ ಕವರ್‌ನಲ್ಲಿ ಕೊಡುತ್ತಾರೆ. ಕೈಗೆ ಬಂದ ನಗದು ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ. ತಂಗಿಗೂ ಮೊದಲು ಹಾಗೇ ಇತ್ತು. ಅರ್ಜಿ ಹಾಕುವ ಆರು ತಿಂಗಳು ಮುಂಚೆ 'ಸರ್, ಖಾತೆಗೇ ಹಾಕಿ' ಅಂತ ಕೇಳಿ ಬದಲಿಸಿಕೊಂಡಳು. ಆ ಒಂದು ಮಾತು ಕೇಳದಿದ್ದರೆ ಅವಳ 22,000 ಕಾಗದದ ಮೇಲೆ ಸೊನ್ನೆಯಾಗುತ್ತಿತ್ತು.

ಬಳ್ಳಾರಿಯ ಜೀನ್ಸ್ ಹೊಲಿಗೆಯವರು, ಗಂಗಾವತಿಯ ರೈಸ್‌ಮಿಲ್ ಸುತ್ತ ವ್ಯಾಪಾರ ಮಾಡುವವರು ಎರಡು ಮೂರು ವರ್ಷದ ಐಟಿ ರಿಟರ್ನ್ ಇಟ್ಟುಕೊಂಡಿರಬೇಕು. ಓವರ್‌ಟೈಮ್, ಇನ್ಸೆಂಟಿವ್ ಎಲ್ಲವನ್ನೂ ಪೂರ್ತಿ ಹಿಡಿಯುವುದಿಲ್ಲ. ಗೃಹಲಕ್ಷ್ಮಿಯ 2,000 ಮನೆಗೆ ಆಸರೆ ನಿಜ, ಆದರೆ ಸಾಲದ ಅರ್ಹತೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಸಂಬಳವಿಲ್ಲದ ಹೆರಿಗೆ ರಜೆಯಲ್ಲಿದ್ದರೆ ಕೆಲಸಕ್ಕೆ ಮರಳಿ ಕೆಲವು ತಿಂಗಳ ಸ್ಲಿಪ್ ಕೈಗೆ ಬಂದ ಮೇಲೆ ಅರ್ಜಿ ಹಾಕುವುದು ಒಳ್ಳೆಯದು.

ಸಾಲದ ದಾರಿಗಳು

ಮೊದಲು ನಿಮ್ಮ ಸಾಲ ಯಾವುದಕ್ಕೆ ಜೋಡಿಸಿದೆ ಎಂದು ನೋಡಿ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕಿನಿಂದ ಪಡೆದ ಬದಲಾಗುವ ಬಡ್ಡಿಯ ಮನೆಸಾಲ ರೆಪೊ ತರಹದ ಹೊರಗಿನ ದರಕ್ಕೆ ಜೋಡಿಸಿರುತ್ತದೆ, ಕನಿಷ್ಠ ಮೂರು ತಿಂಗಳಿಗೊಮ್ಮೆ ಬದಲಾಗಬೇಕು. ರೆಪೊ 2025ರಲ್ಲಿ 6.50ರಿಂದ 5.25ಕ್ಕೆ ಇಳಿದಿದೆ. ಆ ಒಂದೂಕಾಲು ಪರ್ಸೆಂಟ್ ನಿಮ್ಮ ಸಾಲಕ್ಕೆ ಬಂತಾ? 2019ರ ಅಕ್ಟೋಬರ್‌ಗಿಂತ ಹಳೆಯ ಸಾಲ, ಇಲ್ಲವೇ ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲವಾದರೆ ಪೂರ್ತಿ ಬಂದಿರದೇ ಇರಬಹುದು. ತಂಗಿಯದು ಅಂಥದ್ದೇ.

ಅಲ್ಲೇ ಇದ್ದು ಬಡ್ಡಿ ಇಳಿಸಿಕೊಳ್ಳುವುದು ಸುಲಭದ ದಾರಿ. ಒಂದು ಅರ್ಜಿ, ಒಂದಿಷ್ಟು ಫೀಸು. ತಂಗಿಗೆ ಅವರು 8.75 ಕೊಡುತ್ತೇವೆ ಅಂದರು. ಕಂತು 24,986, ತಿಂಗಳಿಗೆ ಉಳಿಯುವುದು 744. ಬೇರೆ ಬ್ಯಾಂಕು 8 ಪರ್ಸೆಂಟ್ ಹೇಳಿತು. ಅದೇ 15 ವರ್ಷಕ್ಕೆ ಕಂತು 23,891, ಉಳಿತಾಯ 1,839. ಬದಲಿಸಲು ಪ್ರೊಸೆಸಿಂಗ್ ಫೀಸು, ವಕೀಲರು, ಮನೆ ಬೆಲೆ ಕಟ್ಟುವವರು, ಹೊಸ ಅಡಮಾನ ಪತ್ರದ ಮುದ್ರಾಂಕ ಎಲ್ಲ ಸೇರಿ ಸುಮಾರು 20,000 ಆಗುತ್ತದೆ ಎಂದು ತಿಳಿಯಿತು. ಅಲ್ಲೇ ಇಳಿಸಿಕೊಂಡರೆ 5,000. ಹೆಚ್ಚಿಗೆ ಹೋಗುವ 15,000 ವಾಪಸ್ ಬರಲು 14 ತಿಂಗಳು. ಬದಲಿಸಬಹುದು ಅನಿಸಿತು. ಹಳೆಯ ಕಡೆಯವರೇ 8.25 ಕೊಟ್ಟಿದ್ದರೆ? ಆಗ ಎರಡರ ನಡುವೆ ತಿಂಗಳಿಗೆ 363 ರೂಪಾಯಿ ವ್ಯತ್ಯಾಸ, ವಾಪಸ್ ಬರಲು 41 ತಿಂಗಳು. ಕಾಲು ಪರ್ಸೆಂಟ್‌ಗಾಗಿ ಕೂಸನ್ನು ಎತ್ತಿಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಡ ಅಂತ ನಾನೇ ಹೇಳುತ್ತಿದ್ದೆ.

ಬದಲಾಗುವ ಬಡ್ಡಿಯ ಮನೆಸಾಲವನ್ನು ವ್ಯಕ್ತಿಗಳು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬ್ಯಾಂಕುಗಳಿಗೆ ಈ ನಿಯಮ 2012ರಿಂದಲೇ ಇದೆ. ಯಾರಾದರೂ ಕೇಳಿದರೆ ಲಿಖಿತವಾಗಿ ಕೊಡಿ ಅನ್ನಿ.

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಬಡ್ಡಿ ಇಳಿದ ಮೇಲೆ ಆ ಲಾಭವನ್ನು ಎಲ್ಲಿ ತಗೊಳ್ಳಬೇಕು, ಕಂತಿನಲ್ಲಾ, ಅವಧಿಯಲ್ಲಾ?

ಹಣಕಾಸು ತಿಳಿದವರು ಹೇಳುವುದು, ಕಂತು ಮುಂಚಿನಷ್ಟೇ ಕಟ್ಟಿ, ಅವಧಿ ಇಳಿಸಿ ಎಂದು. ಲೆಕ್ಕ ಅವರ ಪರ ಇದೆ. 8 ಪರ್ಸೆಂಟ್‌ಗೆ 25,730ನ್ನೇ ಕಟ್ಟುತ್ತಾ ಹೋದರೆ 157 ತಿಂಗಳಿಗೆ ಸಾಲ ಮುಗಿಯುತ್ತದೆ. 23 ಕಂತು, ಅಂದರೆ 5.9 ಲಕ್ಷ ಉಳಿಯುತ್ತದೆ. ಮಕ್ಕಳು ದೊಡ್ಡವರಾದ ಮನೆಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ತಂಗಿಯ ಮನೆಯಲ್ಲಿ ತಿಂಗಳಿಗೆ ಉಳಿಯುವುದು 1,570. ಈ ದಾರಿಯಲ್ಲಿ ಅದು ಹಾಗೇ ಉಳಿಯುತ್ತದೆ. ಹದಿಮೂರು ವರ್ಷದ ನಂತರ ಬರುವ ಲಾಭ ಈ ತಿಂಗಳ ಡೇ ಕೇರ್ ಫೀಸು ಕಟ್ಟುವುದಿಲ್ಲ. ಕಟ್ಟಲಾಗದೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ, ಬಂಗಾರ ಅಡ ಇಟ್ಟರೆ ಉಳಿಸಿದ ಬಡ್ಡಿಗಿಂತ ಜಾಸ್ತಿ ಅಲ್ಲಿ ಹೋಗುತ್ತದೆ.

ಇನ್ನೊಂದು ತುದಿ, ಅವಧಿಯನ್ನು 20 ವರ್ಷಕ್ಕೆ ಎಳೆಯುವುದು. ಕಂತು 20,911ಕ್ಕೆ ಇಳಿಯುತ್ತದೆ. ಈಗಿನದಕ್ಕಿಂತ 4,819 ಕಡಿಮೆ. ಮನೆಯಲ್ಲಿ ಉಳಿಯುವುದು 1,570ರಿಂದ 6,389ಕ್ಕೆ ಏರುತ್ತದೆ. ಬಡ್ಡಿ ಮತ್ತೆ ಒಂದು ಪರ್ಸೆಂಟ್ ಏರಿದರೂ ಕಂತು 22,493, ಮನೆ ತಡೆದುಕೊಳ್ಳುತ್ತದೆ. ತೊಂದರೆ ಏನೆಂದರೆ, ಇದನ್ನೇ ಕೊನೆವರೆಗೆ ಕಟ್ಟಿದರೆ 15 ವರ್ಷದ ಲೆಕ್ಕಕ್ಕಿಂತ ಸುಮಾರು 7.2 ಲಕ್ಷ ಜಾಸ್ತಿ ಹೋಗುತ್ತದೆ. ಈ ಅಂಕಿ ಕೇಳಿ ತಂಗಿಯ ಗಂಡ ನೋಟ್‌ಬುಕ್ ಮುಚ್ಚಿಯೇ ಬಿಟ್ಟರು.

ನಾನು ಮತ್ತೆ ತೆರೆಸಿದೆ. ಕೊನೆವರೆಗೆ ಅದನ್ನೇ ಕಟ್ಟಿ ಅಂತ ಯಾರು ಹೇಳಿದರು? ಡೇ ಕೇರ್ ಖರ್ಚು ಇಪ್ಪತ್ತು ವರ್ಷ ಇರುವುದಿಲ್ಲ, ಮೂರು ವರ್ಷದ್ದು. ಬೈಕ್ ಕಂತು ಇನ್ನು 14 ತಿಂಗಳಿಗೆ ಮುಗಿಯುತ್ತದೆ. ಮೊದಲ 36 ತಿಂಗಳು 20,911 ಕಟ್ಟಿ. ಆಗ ಅಸಲು 23.28 ಲಕ್ಷ ಉಳಿದಿರುತ್ತದೆ. 37ನೇ ತಿಂಗಳಿಂದ ಹಳೆಯ ಕಂತಿಗೇ, ಅಂದರೆ 25,730ಕ್ಕೆ ವಾಪಸ್ ಹೋಗಿ. ಆಗ ಇನ್ನು 139 ತಿಂಗಳು. ಒಟ್ಟು 175. ಈಗಿನ ಸಾಲ ಮುಗಿಯಬೇಕಾದ 180 ತಿಂಗಳಿಗಿಂತಲೂ ಐದು ತಿಂಗಳು ಮುಂಚೆ! ಒಟ್ಟು ಕಟ್ಟುವ ಹಣ 43.3 ಲಕ್ಷ. 8 ಪರ್ಸೆಂಟ್‌ಗೆ 15 ವರ್ಷ ಕಟ್ಟಿದ್ದರೆ 43 ಲಕ್ಷ. ಮೂರು ವರ್ಷ ಉಸಿರಾಡಿದ್ದಕ್ಕೆ ಬೆಲೆ ಸುಮಾರು 32,000 ರೂಪಾಯಿ.

ಡೇ ಕೇರ್ ಮುಗಿದರೆ ಶಾಲೆ ಫೀಸು ಬರುತ್ತಲ್ಲ ಅಂತ ತಂಗಿ ಕೇಳಿದಳು. ನ್ಯಾಯವಾದ ಮಾತು. ಅದಕ್ಕೂ ಲೆಕ್ಕ ಹಾಕಿದೆವು. 37ನೇ ತಿಂಗಳಿಂದ 25,730 ಆಗದೆ 23,891 ಮಾತ್ರ ಕಟ್ಟಲು ಸಾಧ್ಯವಾದರೆ ಒಟ್ಟು 194 ತಿಂಗಳು. ಹದಿನಾಲ್ಕು ತಿಂಗಳು ಜಾಸ್ತಿ, ಆದರೂ ಹಣ 45.2 ಲಕ್ಷ. ಈಗಿನ 9.25ರಲ್ಲೇ ಕೂತಿದ್ದರೆ ಆಗುತ್ತಿದ್ದ 46.3 ಲಕ್ಷಕ್ಕಿಂತ ಕಡಿಮೆಯೇ. ಬಡ್ಡಿ ಏರಿಳಿದರೆ ಈ ಅಂಕಿಗಳೂ ಬದಲಾಗುತ್ತವೆ, ಆದರೆ ಯಾವ ದಾರಿ ಯಾವುದಕ್ಕಿಂತ ಹಗುರ ಅನ್ನುವುದು ಸಾಮಾನ್ಯವಾಗಿ ಬದಲಾಗುವುದಿಲ್ಲ.

ಈ ದಾರಿ ಹಿಡಿಯುವವರು ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಲೇಬೇಕು. ಮುಂದೆ ಕಂತು ಏರಿಸಿಕೊಳ್ಳಲು ಬಿಡುತ್ತೀರಾ? ಬಿಡದಿದ್ದರೆ ತಿಂಗಳಿಗೆ ಹೆಚ್ಚುವರಿ 4,819ನ್ನು ಅಸಲಿಗೆ ಕಟ್ಟಬಹುದಾ? ಹಾಗೆ ಕಟ್ಟಿದರೂ ಫಲ ಒಂದೇ. ಇನ್ನು ಬದಲಿಸದೆ ಹಳೆಯ ಕಡೆಯೇ ಅವಧಿ ಎಳೆಸಿಕೊಳ್ಳುವವರು, 'ಇದನ್ನು ರಿಸ್ಟ್ರಕ್ಚರ್ ಅಂತ ಸಿಬಿಲ್‌ಗೆ ಕಳಿಸುತ್ತೀರಾ' ಎಂದು ಕೇಳಿ. ರಿಸ್ಟ್ರಕ್ಚರ್ ಅಂದರೆ ಕಟ್ಟಲಾಗದವರಿಗೆ ಸಾಲದ ಶರತ್ತು ಬದಲಿಸಿದ್ದು, ಸಿಬಿಲ್ ಅಂದರೆ ನಮ್ಮ ಸಾಲದ ಚರಿತ್ರೆ ಇಡುವ ಸಂಸ್ಥೆ. ಹೌದು ಅಂದರೆ ಆ ದಾರಿ ಬೇಡ. ಬಡ್ಡಿ ಏರಿ ದರ ಬದಲಾಗುವಾಗ ಕಂತು ಏರಿಸಬೇಕಾ, ಅವಧಿ ಹೆಚ್ಚಿಸಬೇಕಾ, ಎರಡೂ ಬೇಕಾ ಎಂದು ಸಾಲಗಾರರನ್ನೇ ಕೇಳಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ನನ್ನ 187 ತಿಂಗಳ ಕತೆ ಈಗ ನಡೆದರೆ ಸುಮ್ನೆ ಕೂರಬೇಕಾಗಿಲ್ಲ.

ಟಾಪ್‌ಅಪ್ (ಇದೇ ಸಾಲದ ಮೇಲೆ ಇನ್ನಷ್ಟು ಸಾಲ) ಬೇಕಾ ಅಂತ ಖಂಡಿತ ಕೇಳುತ್ತಾರೆ. ಎರಡು ವರ್ಷದ ಪ್ಲೇ ಸ್ಕೂಲ್ ಖರ್ಚಿಗೆ ಇಪ್ಪತ್ತು ವರ್ಷದ ಸಾಲ ಮಾಡಬೇಡಿ. ಸಾಲದ ಜೊತೆ ವಿಮೆ ಕಡ್ಡಾಯ ಅಂದರೆ ಒಪ್ಪಬೇಡಿ, ಟರ್ಮ್ ವಿಮೆ ಬೇರೆಯೇ ಮಾಡಿಸಿ. ತೆರಿಗೆ ಉಳಿಯುತ್ತೆ ಅಂತ ಸಾಲ ಇಟ್ಟುಕೊಳ್ಳುವ ಮಾತು ಈ ಸಂಬಳದವರಿಗೆ ಅನ್ವಯಿಸುವುದಿಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ.

ಕಾಗದ ಪತ್ರ

ಹೊಸ ಬ್ಯಾಂಕು ಇ-ಖಾತೆ, ಇಸಿ (ಋಣಭಾರ ಪತ್ರ), ಮಂಜೂರಾದ ನಕ್ಷೆ ಎಲ್ಲವನ್ನೂ ಹೊಸದಾಗಿ ನೋಡುತ್ತದೆ. ಖಾತೆ ಸರಿ ಇಲ್ಲದ ಲೇಔಟಿನ ಮನೆಯಾದರೆ ಇಲ್ಲೇ ನಿಲ್ಲುತ್ತದೆ. ಹಾಗಾಗಿ ಫೀಸು ಕಟ್ಟುವ ಮುಂಚೆ ಕಾಗದ ತೋರಿಸಿ. ಹಳೆಯ ಕಡೆಯಿಂದ ಯಾವ ಯಾವ ಮೂಲ ಪತ್ರ ಅವರ ಹತ್ತಿರ ಇದೆ ಅನ್ನುವ ಪಟ್ಟಿ, ಬಾಕಿ ಪತ್ರ ಎರಡೂ ಬರಹದಲ್ಲಿ ತಗೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2023ರ ಡಿಸೆಂಬರ್ 1ರಿಂದ ಇದೆ.

ಸಹಿಗೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಡೇ ಕೇರ್ ತೆರೆದಿರುವ ದಿನವೇ ನೋಡಿಕೊಳ್ಳಿ. ತಂಗಿ ಮೊದಲ ಸಲ ಮಗುವನ್ನು ಎತ್ತಿಕೊಂಡು ಹೋಗಿ, ಅರ್ಧ ಓದಿ, ಸಹಿ ಹಾಕದೆ ಎದ್ದು ಬಂದಳು. ಎರಡನೇ ಸಲ ಮಗುವನ್ನು ಬಿಟ್ಟು ಹೋಗಿ ಪ್ರತಿ ಪುಟ ಓದಿದಳು.

ಅವರು 8 ಪರ್ಸೆಂಟ್‌ಗೆ ಬದಲಿಸಿ, 20 ವರ್ಷಕ್ಕೆ ಎಳೆಸಿಕೊಂಡರು. ಸಾಲದ ಫೈಲು ಈಗ ಅವರ ಬೀರುವಿನ ಮೇಲಿನ ಅರೆಯಲ್ಲಿದೆ. ಅದರ ರಟ್ಟಿನ ಮೇಲೆ ತಂಗಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಾಳೆ: '37ನೇ ಕಂತು — 25,730.'